ಕೊಲೆ ಬೆದರಿಕೆ ಬಂದರೆ ಮೆಸೇಜ್ ಡಿಲೀಟ್ ಮಾಡಬೇಡಿ
ಜಮೀನು ತಕರಾರಿಗೆ ‘ಮುಗಿಸಿಬಿಡ್ತೀನಿ’ ಅಂತ ವಾಟ್ಸಾಪ್‌ನಲ್ಲಿ ವಾಯ್ಸ್ ಬಂದಿದೆ, ಡಿಲೀಟ್ ಮಾಡಿ ಸುಮ್ನಿರಲಾ ಅಂತ ಕೇಳಿದ್ದೀರಿ. ಡಿಲೀಟ್ ಮಾತ್ರ ಬೇಡ. ತಿರುಗಿ ಬೈಯಲೂ ಬೇಡಿ, ಅದೇ ನಿಮ್ಮ ಮೇಲೆ ಬರುತ್ತದೆ. ನಂಬರ್, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೂ ಕಳಿಸಿ. ವಾಯ್ಸ್ ಬಂದ ಫೋನಲ್ಲೇ ಇರಲಿ.

ಠಾಣೆಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ಸಾಲದು. ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೀಗೆ ಬೆದರಿಸುವುದು ಈಗ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಕೊಲೆ ಬೆದರಿಕೆಗೆ 7 ವರ್ಷದವರೆಗೆ ಶಿಕ್ಷೆ ಇದೆ. ಆದರೂ ಪೊಲೀಸರು ಎಫ್‌ಐಆರ್ ಮಾಡದೆ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ದೂರಿನ ದಾಖಲೆ) ಬರೆದು ಕಳಿಸಬಹುದು. ಹಾಗಾದರೆ ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ಅದನ್ನು ತೆಗೆದುಕೊಳ್ಳಿ ಅಂತ ಪೊಲೀಸರನ್ನು ಪಟ್ಟು ಹಿಡಿದು ಕೇಳಿ.

ರಾತ್ರಿ ಕರೆಂಟ್ ಬಂತು ಅಂತ ಮೋಟಾರ್ ಹಾಕೋಕೆ ಒಬ್ಬರೇ ಹೋಗಬೇಡಿ. ಬೆದರಿಸಿದವರು ಮನೆ ಹತ್ರ ಬಂದರೆ ಬಾಗಿಲು ತೆಗೆಯದೆ 112ಕ್ಕೆ ಕರೆ ಮಾಡಿ.