ಹಳೆಯ ಬೀದಿಯಲ್ಲಿ ಮನೆ ರಿಪೇರಿಗೆ ಅಡ್ಡಿ ಯಾಕೆ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಸಾಲಾಗಿ ನೂರು ವರ್ಷ ದಾಟಿದ ಮನೆಗಳಿವೆ. ನಮ್ಮ ಮನೆಯ ಮರದ ಕಿಟಕಿಗಳು ಕೆಟ್ಟಿವೆ, ಪ್ಲಾಸ್ಟಿಕ್ ಕಿಟಕಿ ಹಾಕಿಸಬೇಕು. ಕಾರು ನಿಲ್ಲಿಸಲು ಮುಂದಿನ ಕಾಂಪೌಂಡನ್ನೂ ಒಡೆಯಬೇಕು. ಬೀದಿಯ ಅಂದ ಕೆಡುತ್ತದೆ ಅಂತ ಅಕ್ಕಪಕ್ಕದವರು ತಕರಾರು ತೆಗೆದಿದ್ದಾರೆ. ಮನೆ ನಮ್ಮದು, ದುಡ್ಡೂ ನಮ್ಮದೇ. ಕೇಳೋಕೆ ಇವರು ಯಾರು?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಹಿಂದೆ ಒಂದು ಕೋಣೆ ಸೇರಿಸಿ, ಬೀದಿಗೆ ಅದರಿಂದ ಏನೂ ಆಗುವುದಿಲ್ಲ. ಮುಂಭಾಗದ ಮಾತೇ ಬೇರೆ. ಅದನ್ನು ನಿಮಗಿಂತ ಜಾಸ್ತಿ ನೋಡುವವರು ಎದುರು ಮನೆಯವರು, ಅಲ್ವಾ? ಅಮೆರಿಕದ ಚಾರ್ಲ್‌ಸ್ಟನ್ ನಗರ 1931ರಲ್ಲಿ ಹಳೆಯ ಬಡಾವಣೆಗೆ ನಿಯಮ ತಂದಾಗಲೂ ಹೊರಗೆ ಕಾಣುವ ಭಾಗಕ್ಕೇ ಗಮನ ಕೊಟ್ಟಿತು.

ಹಾಗಂತ ನಿಯಮವೊಂದೇ ಸಾಲದು. ಇಂಗ್ಲೆಂಡಿನಲ್ಲಿ ಹಳೆಯ ಬೀದಿ, ಬಡಾವಣೆಗಳ ಅಂದ ಉಳಿಸಲು ಗುರುತಿಸಿದ ಸಂರಕ್ಷಿತ ಪ್ರದೇಶಗಳು 1967ರಿಂದಲೂ ಇವೆ. ಆದರೆ ಅಲ್ಲೂ ಸಾಮಾನ್ಯ ಮನೆಯ ಕಿಟಕಿ ಬದಲಿಸುವುದನ್ನು ತಡೆಯಬೇಕೆಂದರೆ ಸ್ಥಳೀಯ ಆಡಳಿತ 'ಆರ್ಟಿಕಲ್ 4' ಎಂಬ ಬೇರೆಯೇ ಆದೇಶ ಹೊರಡಿಸಬೇಕು, ಅದು ಬರುವಷ್ಟರಲ್ಲಿ ಒಂದೊಂದೇ ಕಿಟಕಿ ಹೋಗಿ ಬೀದಿಯ ಗುರುತೇ ಸಿಗದಂತಾಗಿರಬಹುದು. ಬೀದಿ ಕೆಡಿಸೋಣ ಅಂತ ಯಾರೂ ಹೊರಡುವುದಿಲ್ಲ. ಎಲ್ಲರದ್ದೂ ಒಂದು ಸಣ್ಣ ಕೆಲಸ, ಅಷ್ಟೇ.

ಇನ್ನು ನಿಮ್ಮ ಕಿಟಕಿ. ಸುಮ್ನೆ ಒಂದು ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟನ್ನು ಚುಚ್ಚಿ ನೋಡಿ. ನೀರು ನಿಲ್ಲುವ ಕೆಳಗಿನ ಪಟ್ಟಿ, ಮೂಲೆಗಳು ಮೆತ್ತಗಾಗಿರುತ್ತವೆ, ಮೇಲಿನ ಮರ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಕೊಳೆತಷ್ಟನ್ನು ಕತ್ತರಿಸಿ ಹೊಸ ಮರದ ತುಂಡು ಕೂರಿಸಬಹುದು. ಗಾಳಿ ನುಗ್ಗುತ್ತಿದ್ದರೆ ಸಂದಿಗೆ ಪಟ್ಟಿ ಹಾಕಿಸಿ, ಒಳಗಡೆ ಇನ್ನೊಂದು ಗಾಜು ಹಾಕಿಸಿದರೆ ಚಳಿ, ಸದ್ದು ಎರಡೂ ಕಡಿಮೆ. ಪ್ಲಾಸ್ಟಿಕ್ ಚೌಕಟ್ಟು ಸಾಮಾನ್ಯವಾಗಿ ದಪ್ಪ, ಗಾಜು ಚಿಕ್ಕದಾಗುತ್ತದೆ, ಮರದ ಹಾಗೆ ತುಂಡು ಸೇರಿಸಿ ಸರಿಮಾಡಲೂ ಬರುವುದಿಲ್ಲ. ಬದಲಿಸಲೇಬೇಕಾದರೆ ಮರದಲ್ಲೇ, ಅದೇ ಅಳತೆಯಲ್ಲಿ ಮಾಡಿಸಿ.

ಕಾಂಪೌಂಡ್ ಮಾತ್ರ ದಯವಿಟ್ಟು ಒಡೆಯಬೇಡಿ. ನಿಮ್ಮ ಕಾರು ಒಳಗೆ ಹೋಗಲು ದಾರಿ ಬಿಡಬೇಕಾದ್ದರಿಂದ ಬೀದಿಯಲ್ಲಿ ಎಲ್ಲರೂ ಬಳಸುತ್ತಿದ್ದ ಒಂದು ಕಾರಿನ ಜಾಗ ಹೋಗುತ್ತದೆ, ಮಣ್ಣಿನ ಅಂಗಳಕ್ಕೆ ಕಾಂಕ್ರೀಟ್ ಬಿದ್ದರೆ ಮಳೆ ನೀರು ಇಂಗದೆ ರಸ್ತೆಗೆ ಹರಿಯುತ್ತದೆ.

ಗೋಡೆಗೆ ಗಾರೆ ಮಾಡಿಸುವಾಗಲೂ ಎಚ್ಚರ. ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯ ಮೇಲ್ಪದರ ಉದುರುತ್ತದೆ. ಕೆಲಸ ಹಿಡಿಸುವ ಮೊದಲು ಮುಂಭಾಗದ ಫೋಟೊ ತೆಗೆದು, ಕಿಟಕಿಯ ಪಟ್ಟಿಗಳ ದಪ್ಪ ಬರೆದುಕೊಂಡು, ಸ್ಥಳೀಯ ಆಡಳಿತದ ಕಚೇರಿಯಲ್ಲಿ ಯಾವುದಕ್ಕೆ ಅನುಮತಿ ಬೇಕು ಅಂತ ವಿಚಾರಿಸಿ. ಅದೇ ಅಳತೆ ಬಡಗಿಗೂ ಬೇಕಾಗುತ್ತದೆ.