ಘಾಟು ಹೋದರೆ ಓಝೋನ್ ಹೋಯಿತೇ?

ಪ್ರಶ್ನೆ: ಪೀಣ್ಯದಲ್ಲಿ ಕ್ಯಾನ್ ನೀರು ತುಂಬುವ ಘಟಕವೊಂದರಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಓಝೋನ್ ಮಶೀನ್ ಹಾಕಿದ ಕೂಡಲೇ ಮೂಗಿಗೆ ಘಾಟು ಬಡಿಯುತ್ತೆ, ಹತ್ತು ನಿಮಿಷಕ್ಕೆ ಹೋಗಿಬಿಡುತ್ತೆ. ಮಧ್ಯಾಹ್ನದ ಮೇಲೆ ಒಣಕೆಮ್ಮು, ಉಸಿರು ಪೂರ್ತಿ ಎಳೆದರೆ ಎದೆ ಹಿಡಿದ ಹಾಗೆ. ಭಾನುವಾರ ಆರಾಮ. ‘ಅದೂ ಆಕ್ಸಿಜನ್ನೇ, ಒಳ್ಳೇದೇ’ ಅಂತಾರೆ ಓನರ್. ಹೌದಾ ಸರ್?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು, ಓಝೋನ್‌ನಲ್ಲಿ ಮೂರು. ಆ ಮೂರನೆಯದು ಸಿಕ್ಕಿದ್ದನ್ನು ಸುಡುತ್ತದೆ. ನೀರಿನ ರೋಗಾಣು ಸಾಯುವುದು ಅದರಿಂದಲೇ. ಗಾಳಿಗೆ ಸೇರಿದರೆ ಅದೇ ಏಟು ನಿಮ್ಮ ಶ್ವಾಸನಾಳಕ್ಕೆ. ನೀರಿನಲ್ಲಿ ಸುಲಭವಾಗಿ ಕರಗದ ಅನಿಲವಾದ್ದರಿಂದ ಮೂಗು, ಗಂಟಲು ದಾಟಿ ಶ್ವಾಸಕೋಶದ ಆಳಕ್ಕೂ ಇಳಿಯುತ್ತದೆ.

ಘಾಟು ಹೋಯಿತೆಂದು ನಂಬಬೇಡಿ, ಮೂಗು ಒಗ್ಗಿಹೋಗಿರುತ್ತದೆ. ಊಟಕ್ಕೆ ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆಯಿರಿ. ಮತ್ತೆ ಘಾಟು ಬಡಿದರೆ ಓಝೋನ್ ಸೋರುತ್ತಿದೆ. ಮಶೀನ್ ಅಕ್ಕಪಕ್ಕದ ರಬ್ಬರ್ ಪೈಪನ್ನೂ ನೋಡಿ. ಬಾಗಿದ ಕಡೆ ಸಣ್ಣಸಣ್ಣ ಅಡ್ಡ ಬಿರುಕು ಬಿಟ್ಟಿದೆಯೇ? ಓಝೋನ್ ರಬ್ಬರನ್ನು ಹಾಗೇ ಸೀಳುತ್ತದೆ. ಆದರೂ ಎಷ್ಟಿದೆ ಎಂದು ಹೇಳುವುದು ಮೀಟರ್ ಮಾತ್ರ.

ಎಂಟು ಗಂಟೆಯ ಪಾಳಿಗೆ ಅಮೆರಿಕದ ಕಾನೂನು ಮಿತಿ 0.1 ಪಿಪಿಎಂ, ಅಂದರೆ ಒಂದು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲು. ಅಲ್ಲಿನ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ಇನ್ನೂ ಬಿಗಿ: ಹಗುರ ಕೆಲಸಕ್ಕೆ 0.1, ಮೈಮುರಿಯುವ ಕೆಲಸಕ್ಕೆ 0.05. ಇಪ್ಪತ್ತು ಲೀಟರ್ ಕ್ಯಾನ್ ಎತ್ತಿ ಎತ್ತಿ ಲಾರಿಗೆ ತುಂಬುವವರು ಏದುಸಿರು ಬಿಡುತ್ತಾ, ಕುಳಿತವರಿಗಿಂತ ಎಷ್ಟೋ ಪಟ್ಟು ಗಾಳಿ ಎಳೆದುಕೊಳ್ಳುತ್ತಾರೆ. ಅದೇ ಕೋಣೆಯಲ್ಲಿ ಬಿಲ್ ಬರೆಯುವವರಿಗೆ ಏನೂ ಆಗಿಲ್ಲವೆಂದು ನಿಮ್ಮ ಕೆಮ್ಮನ್ನು ಯಾರೂ ತಳ್ಳಿಹಾಕುವಂತಿಲ್ಲ. ಆಸ್ತಮಾ ಇದ್ದವರಂತೂ ಅಲ್ಲಿ ನಿಲ್ಲಲೇಬಾರದು.

ಬಟ್ಟೆ ಮಾಸ್ಕ್, ಎನ್95 ಎರಡೂ ಅನಿಲ ತಡೆಯುವುದಿಲ್ಲ. ಸೋರುವ ಜಾಯಿಂಟ್ ಸರಿಮಾಡಿಸಬೇಕು. ಟ್ಯಾಂಕಿನ ಮೇಲಿನ ಗಾಳಿಕೊಳವೆಗೆ ಉಳಿದ ಓಝೋನನ್ನು ಒಡೆಯುವ ಸಾಧನ ಹಾಕಿಸಿ ಕೋಣೆಯ ಹೊರಗೆ ಬಿಡಬೇಕು. ಓಝೋನ್ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರವೂ ಒಂದು ಎಕ್ಸಾಸ್ಟ್ ಫ್ಯಾನ್ ಬೇಕು. ಟ್ಯಾಂಕ್ ತೊಳೆಯುವ ದಿನ ಮಶೀನ್ ಆಫ್ ಮಾಡಿ, ಗಾಳಿ ಆಡಿದ ಮೇಲಷ್ಟೇ ಇಳಿಯಿರಿ. ಇದು ಮಾಲೀಕರ ಜವಾಬ್ದಾರಿ, ನಿಮ್ಮ ಜೇಬಿನ ಖರ್ಚಲ್ಲ.

ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ. ‘ಕೆಮ್ಮು’ ಎಂದಷ್ಟೇ ಹೇಳಿದರೆ ಸಿರಪ್ ಬರೆದು ಕಳಿಸಬಹುದು. ಓಝೋನ್ ಮಶೀನ್ ಹತ್ತಿರ ಕೆಲಸ, ಭಾನುವಾರ ಆರಾಮ ಎಂಬುದನ್ನು ಮರೆಯದೆ ಹೇಳಿ, ಊದಿ ನೋಡುವ ಸ್ಪೈರೋಮೆಟ್ರಿ ಕೇಳಿ. ಸೋಮವಾರ ಬೆಳಿಗ್ಗೆ ಬೇಡ, ಆಗ ಚೆನ್ನಾಗಿಯೇ ಬರಬಹುದು. ವಾರದ ಮಧ್ಯೆ, ಪಾಳಿ ಮುಗಿದ ಮೇಲೆ ಮಾಡಿಸಿ. ಯಾವತ್ತಾದರೂ ಜೋರಾಗಿ ಸೋರಿದ ದಿನ ರಾತ್ರಿ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹಲವು ಗಂಟೆ ತಡವಾಗಿ ಕಾಣಿಸಬಹುದು, ತಕ್ಷಣ 108ಕ್ಕೆ ಕರೆ ಮಾಡಿ.