ಪಾಠದ ಸಮಯ ಸವಾರರದು, ಕುದುರೆಯ ಆಯ್ಕೆ ಶಾಲೆಯದು

ಪ್ರಶ್ನೆ: ನಾವು ಸಣ್ಣದೊಂದು ಕುದುರೆ ಸವಾರಿ ಶಾಲೆಯನ್ನು ನಡೆಸುತ್ತಿದ್ದೇವೆ. ಎಂಟು ಕುದುರೆಗಳು, ಮೂವರು ತರಬೇತುದಾರರು ಮತ್ತು ಒಂದೇ ಸವಾರಿ ಅಂಗಳ ನಮ್ಮಲ್ಲಿವೆ. ಪಾಠದ ಸಮಯ ಗೊತ್ತುಮಾಡುವ ಕೆಲಸ ಈಗಲೂ ಫೋನ್ ಮತ್ತು ವಾಟ್ಸ್ಆ್ಯಪ್‌ನಲ್ಲೇ ನಡೆಯುತ್ತದೆ. ಪಾಠದ ನಡುವೆಯೇ ಕರೆಗಳು ಬರುತ್ತವೆ. ಒಂದೇ ಸಮಯವನ್ನು ಇಬ್ಬರಿಗೆ ಕೊಟ್ಟದ್ದೂ ಉಂಟು. ವಿದ್ಯಾರ್ಥಿಗಳೇ ಆನ್‌ಲೈನ್‌ನಲ್ಲಿ ಪಾಠವನ್ನು ಕಾಯ್ದಿರಿಸಿಕೊಳ್ಳಲಿ ಎಂಬುದು ನಮ್ಮ ಆಲೋಚನೆ. ಆದರೆ ಹಾಗೆ ಮಾಡಿದರೆ ಲಾಯದ ಮೇಲಿನ ಹಿಡಿತ ತಪ್ಪುತ್ತದೆ ಎನ್ನುವುದು ನಮ್ಮ ಹಿರಿಯ ತರಬೇತುದಾರರ ಆತಂಕ. ತಮ್ಮ ಸಲಹೆ ಏನು?

ಉತ್ತರ: ಆನ್‌ಲೈನ್ ವ್ಯವಸ್ಥೆಯನ್ನು ಖಂಡಿತ ಮಾಡಿಕೊಳ್ಳಿ, ಆದರೆ ನಿಮ್ಮ ಹಿರಿಯ ತರಬೇತುದಾರರ ಮಾತನ್ನು ತಳ್ಳಿಹಾಕಬೇಡಿ. ಸಾಮಾನ್ಯವಾಗಿ ಸಿಗುವ ಬುಕಿಂಗ್ ಸಾಧನಗಳು ಒಬ್ಬ ವ್ಯಕ್ತಿಗೆ ಯಾವಾಗ ಬಿಡುವಿದೆ ಎಂಬುದನ್ನಷ್ಟೇ ನೋಡುತ್ತವೆ. ವೈದ್ಯರ ಭೇಟಿಗೋ ಕ್ಷೌರಕ್ಕೋ ಅಷ್ಟು ಸಾಕು. ಸವಾರಿ ಪಾಠಕ್ಕಾದರೆ ತರಬೇತುದಾರರು, ಅಂಗಳ ಮತ್ತು ಆ ಸವಾರನಿಗೆ ಹೊಂದುವ ಒಂದು ಕುದುರೆ, ಈ ಮೂರೂ ಏಕಕಾಲಕ್ಕೆ ಬಿಡುವಾಗಿರಬೇಕು. ಆದ್ದರಿಂದ ಯಾವ ತಂತ್ರಾಂಶವನ್ನು ಆರಿಸಿದರೂ, ಒಂದು ಪಾಠಕ್ಕೆ ಇಂತಿಂಥ ಸಂಪನ್ಮೂಲಗಳೆಲ್ಲ ಬೇಕು ಎಂದು ಅದರಲ್ಲಿ ನಮೂದಿಸಲು ಆಗುತ್ತದೆಯೇ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಹಣ ಪಾವತಿ, ಜ್ಞಾಪನ ಸಂದೇಶ, ಪುಟದ ಅಂದಚಂದ ಎಲ್ಲವೂ ಆಮೇಲಿನ ಮಾತು.

ಕುದುರೆಯ ಸಮಯವನ್ನು ಲೆಕ್ಕ ಹಾಕುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಾಠ 45 ನಿಮಿಷದ್ದು ಎಂದುಕೊಳ್ಳಿ. ಅದಕ್ಕೆ ಮುಂಚೆ ಮೈ ಉಜ್ಜಿ, ಗೊರಸುಗಳಲ್ಲಿ ಸಿಕ್ಕಿಕೊಂಡ ಮಣ್ಣು ಕಲ್ಲುಗಳನ್ನು ತೆಗೆದು, ಜೀನು ಮತ್ತು ಕಡಿವಾಣ ಹಾಕಿ ಸಜ್ಜುಗೊಳಿಸಲು ಇಪ್ಪತ್ತು ನಿಮಿಷವಾದರೂ ಬೇಕು. ಪಾಠ ಮುಗಿದ ಮೇಲೆ ಉಸಿರು ತಹಬಂದಿಗೆ ಬರುವವರೆಗೆ ನಿಧಾನವಾಗಿ ನಡೆಸಿ, ಜೀನು ಇಳಿಸಿ, ನೀರು ಕುಡಿಸಿ, ಬೆನ್ನು ನೋಡಬೇಕು. ಅಂದರೆ ನಿಮ್ಮ ಪುಟದಲ್ಲಿ 45 ನಿಮಿಷವೆಂದು ಕಾಣುವ ಪಾಠ ಆ ಕುದುರೆಯ ಪಾಲಿಗೆ ಹತ್ತಿರ ಹತ್ತಿರ ಒಂದೂವರೆ ಗಂಟೆಯ ಕೆಲಸ. ಈ ಅಂತರವನ್ನು ಸೇರಿಸದೆ 7:00, 7:45, 8:30 ಎಂದು ಸಾಲಾಗಿ ಸ್ಲಾಟ್ ತೆರೆದಿಟ್ಟರೆ, ಎಲ್ಲರೂ ಇಷ್ಟಪಡುವ ಸಾಧು ಕುದುರೆ ಬೆಳಗಿನಿಂದ ಮಧ್ಯಾಹ್ನದವರೆಗೆ, ಜೀನನ್ನು ಹಿಡಿದಿಡುವ ಬಿಗಿದ ಹೊಟ್ಟೆಪಟ್ಟಿಯಲ್ಲೇ ನಿಂತಿರುತ್ತದೆ. ಪಟ್ಟಿ ಬಿಗಿಯಲು ಹೋದಾಗ ಕಿವಿಯನ್ನು ಹಿಂದಕ್ಕೆ ಒತ್ತಿ, ಬಾಲ ಬೀಸಿ, ಕತ್ತು ತಿರುಗಿಸಿ ಕಚ್ಚಲು ಬರುವ ಕುದುರೆಯನ್ನು ಹಟಮಾರಿ ಎನ್ನುತ್ತಾರೆ. ಎಷ್ಟೋ ಸಲ ಅದು ಬೆನ್ನುನೋವು ಅಥವಾ ದಣಿವು. ಒಂದು ಕುದುರೆಗೆ ದಿನಕ್ಕೆ ಇಷ್ಟೇ ಪಾಠ, ಬೆನ್ನು ಬೆನ್ನಿಗೆ ಎರಡಕ್ಕಿಂತ ಹೆಚ್ಚಿಲ್ಲ, ವಾರಕ್ಕೊಂದು ಪೂರ್ಣ ರಜೆ ಎಂಬ ಮಿತಿಗಳನ್ನು ಬರೆದಿಟ್ಟುಕೊಂಡು ತಂತ್ರಾಂಶಕ್ಕೆ ಊಡಿಸಿ. ಒಂದು ಕುದುರೆಗೆ ದಿನಕ್ಕೆ ಮೂರು ಪಾಠವೇ ಗರಿಷ್ಠ ಎನ್ನುವುದು ನನ್ನ ಅಭಿಮತ. ವಯಸ್ಸಾದ ಕುದುರೆಗೆ ಅದೂ ಹೆಚ್ಚು. ದಾಣಿ ತಿಂದ ಮೇಲೆ ಕನಿಷ್ಠ ಒಂದು ಗಂಟೆಯ ಬಿಡುವು, ಆರರಿಂದ ಎಂಟು ವಾರಕ್ಕೊಮ್ಮೆ ಬರುವ ಲಾಳದ ದಿನ, ಲಸಿಕೆಯ ದಿನ ಇವೆಲ್ಲ ಕ್ಯಾಲೆಂಡರ್‌ನಲ್ಲಿ ಮೊದಲೇ ಮುಚ್ಚಿರಬೇಕು.

ಇಷ್ಟಾದ ಮೇಲೆ ಉಳಿದದ್ದನ್ನು ಸವಾರರಿಗೆ ಧಾರಾಳವಾಗಿ ಬಿಟ್ಟುಕೊಡಬಹುದು. ದಿನ, ಗಂಟೆ, ತರಬೇತುದಾರರು, ಒಬ್ಬರಿಗೇ ಪಾಠವೋ ಗುಂಪಿನ ಪಾಠವೋ ಎಂಬುದನ್ನು ಅವರೇ ಆರಿಸಿಕೊಳ್ಳಲಿ. ಕುದುರೆಯ ಹೆಸರು ಮಾತ್ರ ಅಲ್ಲಿ ಕಾಣಬಾರದು. ಬುಕಿಂಗನ್ನು ಹಿಂದಿನ ಸಂಜೆಗೆ ಮುಚ್ಚಿ. ಅನಂತರ ತರಬೇತುದಾರರೊಬ್ಬರು ಕುಳಿತು ಯಾರಿಗೆ ಯಾವ ಕುದುರೆ ಎಂದು ಹೊಂದಿಸಿ, ಆ ಪಟ್ಟಿಯನ್ನು ಲಾಯದ ಹಲಗೆಯ ಮೇಲೆ ಬರೆಯಲಿ. ನಿಮ್ಮ ಹಿರಿಯರು ಹೇಳುವ ಹಿಡಿತ ಉಳಿಯುವುದು ಈ ಅರ್ಧ ಗಂಟೆಯ ಕೆಲಸದಲ್ಲಿ. ಕುದುರೆಯೊಂದು ಲಾಳ ಕಳೆದುಕೊಂಡಿದ್ದರೆ, ಕುಂಟುತ್ತಿದ್ದರೆ, ಆ ದಿನ ಯಾಕೋ ಬೆದರುತ್ತಿದ್ದರೆ ಅದು ಲಾಯದಲ್ಲಿದ್ದವರಿಗಲ್ಲದೆ ಕಂಪ್ಯೂಟರಿಗೆ ತಿಳಿಯದು.

ಹೊಸಬರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ತಮ್ಮ ಸವಾರಿಯ ಮಟ್ಟವನ್ನು ಅವರೇ ಗುರುತು ಹಾಕುವಂತೆ ಬಿಡಬೇಡಿ. ಮುಂದಿನ ಕುದುರೆಯ ಹಿಂದೆ ತಾನಾಗಿ ಓಡಿದ ಕುದುರೆಯ ಮೇಲೆ ಒಮ್ಮೆ ಕುಳಿತವರು ಕೂಡ ತಮಗೆ ಕ್ಯಾಂಟರ್ (ಹಿಡಿತದಲ್ಲಿರುವ ಓಟ) ಬರುತ್ತದೆ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಹೊಸ ಖಾತೆಗೆ ಪರಿಚಯ ಪಾಠವೊಂದೇ ಕಾಣಲಿ. ಲಂಜ್ ಹಗ್ಗದಲ್ಲಿ, ಅಂದರೆ ತರಬೇತುದಾರರು ನಡುವೆ ನಿಂತು ಕುದುರೆಯನ್ನು ಸುತ್ತ ನಡೆಸುವ ಉದ್ದನೆಯ ಹಗ್ಗದಲ್ಲಿ, ನಡೆಸಿ ನೋಡಿದ ಮೇಲೆ ವಾಕ್ (ನಡಿಗೆ), ಟ್ರಾಟ್ (ಅದಕ್ಕಿಂತ ವೇಗದ ನಡೆ), ಕ್ಯಾಂಟರ್ ಪೈಕಿ ಯಾವ ಮಟ್ಟವೆಂದು ತರಬೇತುದಾರರು ಖಾತೆಯಲ್ಲಿ ನಮೂದಿಸಲಿ; ಆ ಮಟ್ಟದ ಪಾಠಗಳಷ್ಟೇ ಮುಂದೆ ತೆರೆದುಕೊಳ್ಳಲಿ. ಮಕ್ಕಳ ಖಾತೆ ಪೋಷಕರ ಹೆಸರಿನಲ್ಲಿರಬೇಕು, ಒಪ್ಪಿಗೆ ಪತ್ರಕ್ಕೆ ಸಹಿಯಾಗದೆ ಮೊದಲ ಪಾಠ ಖಚಿತವಾಗಬಾರದು.

ಪಾಠ ರದ್ದುಮಾಡಲು 24 ಗಂಟೆಯ ಗಡುವು ನ್ಯಾಯವಾದದ್ದು; ಹಣ ಕಟ್ಟುವ ಮುಂಚೆಯೇ ಈ ನಿಯಮ ಕಣ್ಣಿಗೆ ಬೀಳಬೇಕು. ಗುಡುಗು ಸಿಡಿಲು, ಅತಿಯಾದ ಬಿಸಿಲು ಅಥವಾ ಕುದುರೆಯ ಅನಾರೋಗ್ಯದಿಂದ ನೀವೇ ರದ್ದುಮಾಡಿದರೆ ಅವರು ಕೇಳುವ ಮೊದಲೇ ಹಣವನ್ನೋ ಪಾಠವನ್ನೋ ಹಿಂದಿರುಗಿಸಿ.

ಬದಲಾವಣೆಯನ್ನು ಒಮ್ಮೆಗೇ ಮಾಡಬೇಡಿ. ವರ್ಷಗಳಿಂದ ಬರುತ್ತಿರುವವರ ಖಾಯಂ ಸಮಯಗಳನ್ನು ಮೊದಲು ನೀವೇ ತುಂಬಿ, ಮಿಕ್ಕ ಸ್ಲಾಟ್‌ಗಳನ್ನು ನಾಲ್ಕು ವಾರಗಳ ಮಟ್ಟಿಗೆ ಮಾತ್ರ ತೆರೆಯಿರಿ. ಫೋನಿನಲ್ಲೇ ಮಾತಾಡಬಯಸುವವರು ಇದ್ದೇ ಇರುತ್ತಾರೆ. ಅವರನ್ನು ದೂರಬೇಡಿ, ಆದರೆ ಅವರ ಪಾಠವನ್ನೂ ಅದೇ ಕ್ಯಾಲೆಂಡರ್‌ಗೆ ಆ ಕ್ಷಣವೇ ಸೇರಿಸಿ. ಹಳೆಯ ನೋಟ್‌ಬುಕ್ ಜೊತೆಯಲ್ಲಿ ಮುಂದುವರಿದರೆ ಒಂದು ಸಮಯಕ್ಕೆ ಇಬ್ಬರು ಬರುವುದು ತಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಸವಾರಿ ಶಾಲೆಯ ಆನ್‌ಲೈನ್ ಬುಕಿಂಗ್‌ನಲ್ಲಿ ನನ್ನ ತೂಕವನ್ನು ಕೇಳುತ್ತಾರೆ, ಆದರೆ ನನಗಿಷ್ಟವಾದ ಕುದುರೆಯನ್ನು ಆರಿಸಲು ಬಿಡುವುದಿಲ್ಲ. ಇದು ಸರಿಯೇ?

ಉತ್ತರ: ಸರಿಯೇ. ಎರಡಕ್ಕೂ ಕಾರಣ ಒಂದೇ: ಸವಾರನ ಭಾರಕ್ಕೆ ಹೊಂದುವ ಕುದುರೆಯನ್ನೇ ಕೊಡಬೇಕು. ಸವಾರ ಮತ್ತು ಜೀನಿನ ಒಟ್ಟು ಭಾರ ಕುದುರೆಯ ತೂಕದ ಶೇಕಡಾ 20ನ್ನು ಮೀರಬಾರದು ಎಂಬುದು ವ್ಯಾಪಕವಾಗಿ ಪಾಲಿಸುವ ಸೂತ್ರ. 500 ಕಿಲೋ ತೂಗುವ ಕುದುರೆಗೆ ಅದು 100 ಕಿಲೋ. ಜೀನಿಗೆ ಹತ್ತು ಕಿಲೋ ಕಳೆದರೆ ಸವಾರನಿಗೆ ಉಳಿಯುವುದು 90. 300 ಕಿಲೋದ ಪೋನಿ ಎಂಬ ಸಣ್ಣ ಕುದುರೆಗೆ ಒಟ್ಟು 60 ಮಾತ್ರ, ಅದರಲ್ಲೂ ಜೀನಿನ ಭಾರ ಸೇರಿದೆ. ಕುದುರೆಗೆ ವಯಸ್ಸಾಗಿದ್ದರೆ, ಸವಾರನಿಗೆ ಇನ್ನೂ ಸಮತೋಲ ಬಂದಿಲ್ಲದಿದ್ದರೆ ಈ ಮಿತಿ ಇನ್ನಷ್ಟು ಇಳಿಯಬೇಕು. ತೂಕವನ್ನು ಕೇಳಿದ್ದರಲ್ಲಿ ಅವಮಾನವೇನಿಲ್ಲ, ಅದನ್ನು ನೋಡುವ ಹಕ್ಕು ಕುದುರೆ ಹೊಂದಿಸುವವರಿಗೆ ಮಾತ್ರ ಇರಬೇಕು ಎಂದು ನೀವು ಶಾಲೆಯವರನ್ನು ಕೇಳಬಹುದು. ಇಷ್ಟದ ಕುದುರೆಯ ಹೆಸರನ್ನು ಷರಾ ಬರೆಯುವ ಜಾಗದಲ್ಲಿ ಬರೆಯಿರಿ. ಆ ದಿನ ಅದಕ್ಕೆ ಬಿಡುವಿದ್ದರೆ ಬಹುತೇಕ ತರಬೇತುದಾರರು ನಡೆಸಿಕೊಡುತ್ತಾರೆ.